ಒಂಬತ್ತನೇ ತಾರೀಖಿನ ಸಾಲು

"ಆಧಾರ: ಅಮ್ಮ!"

ಯಜಮಾನರು ಹಾಳೆಯನ್ನು ಎತ್ತಿ ಹಿಡಿದು, ಗಂಟಲು ಸರಿಮಾಡಿಕೊಂಡು, ಇನ್ನೊಂದು ಸಲ ಓದಿದರು. "ಕೇಳಿಸ್ತೇನ್ರಮ್ಮಾ ಎಲ್ಲರಿಗೂ? ನಮ್ಮ ತಾರೀಖು ಇತಿಹಾಸ ಬರೆದಿದ್ದಾನೆ. ಯಾವ ಪುಸ್ತಕ ನೋಡಿ ಬರೆದೆಯಪ್ಪಾ ಅಂದ್ರೆ, ಅಮ್ಮ. ಪುಟ ಎಷ್ಟು ಅಂತ ಮಾತ್ರ ಹಾಕಿಲ್ಲ. ಯಾಕೋ, ನಿಮ್ಮಮ್ಮನಿಗೆ ಪುಟ ಇಲ್ವೇನೋ?"

ಬೈಂಡಿಂಗ್ ಮೇಜಿನ ಸುತ್ತ ಕೂತಿದ್ದ ಆರು ಜನ ಹೆಂಗಸರು ನಕ್ಕರು. ನಗಲೇಬೇಕಾಗಿತ್ತು, ಯಜಮಾನರ ಜೋಕು. ಮೆಷಿನ್ ಮಾಮ ಮಸಿ ಕೈಯನ್ನು ಬನಿಯನ್ನಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತ. ಟೀ ತಂದವನೂ ಲೋಟ ಕೊಡುವುದನ್ನು ಮರೆತು ಹಲ್ಲು ಕಿರಿದ.

"ಏಳನೇ ಕ್ಲಾಸು ದಾಟದವನ ಕೈಗೆ ಒಂದಿಡೀ ತಿಂಗಳು ಕೊಟ್ಟೆನಲ್ಲ, ನನ್ನ ಚಪ್ಪಲೀಲಿ ನಾನೇ ಹೊಡ್ಕೋಬೇಕು," ಅಂದರು ಯಜಮಾನರು. "ಇವನಮ್ಮ ಹೇಳಿದಳಂತೆ, ನಾವು ಇಪ್ಪತ್ತು ಸಾವಿರ ಗೋಡೆಗೆ ನೇತು ಹಾಕಬೇಕಂತೆ."

ತಾರೀಖು ಅನ್ನಿಸಿಕೊಂಡವನು ಕಂಪ್ಯೂಟರಿನ ಮುಂದೆ ಕೂತೇ ಇದ್ದ. ಕಿವಿಯಿಂದ ಕುತ್ತಿಗೆಯವರೆಗೆ ಕಾದ ಹೆಂಚು. ಎದ್ದು ಆ ಹಾಳೆಯನ್ನು ಕಿತ್ತುಕೊಂಡು ಯಜಮಾನರ ಬಾಯಿಗೇ ತುರುಕಬೇಕು ಅನ್ನಿಸಿತು. ಎಂಟು ವರ್ಷದಿಂದ ದಿನಕ್ಕೆ ಎರಡು ಸಲವಾದರೂ ಹೀಗೆ ಅನ್ನಿಸುತ್ತಿತ್ತು, ಮತ್ತೆ ಕೈ ಕೀಬೋರ್ಡಿಗೇ ಹೋಗುತ್ತಿತ್ತು. ಇವತ್ತು ಅಲ್ಲಿಗೂ ಹೋಗಲಿಲ್ಲ.

ಅವರ ಪ್ರೆಸ್ಸಿನಲ್ಲಿ ಆಗುತ್ತಿದ್ದದ್ದು ಹಾಳೆ ಹರಿಯುವ ಕ್ಯಾಲೆಂಡರು. ದಿನಕ್ಕೊಂದು ಹಾಳೆ, ನಡುವೆ ಅಂಗೈಯಗಲದ ಅಂಕಿ, ಅದರ ಕಾಲ ಬಳಿ 'ಈ ದಿನ' ಅಂತ ಒಂದೇ ಒಂದು ಸಾಲು: ಅವತ್ತಿನ ದಿನ ಹಿಂದೆ ಎಂದೋ ಎಲ್ಲೋ ಏನಾಯಿತು ಅನ್ನುವುದು. ಆ ಸಾಲುಗಳನ್ನು ಮೂವತ್ತು ವರ್ಷದಿಂದ ಜೋಡಿಸಿಕೊಡುತ್ತಿದ್ದವರು ಮೇಷ್ಟ್ರು. ಅವರ ಕಟ್ಟುನಿಟ್ಟು ಒಂದೇ. ಪ್ರತಿ ಸಾಲಿನ ಪಕ್ಕ, ಅಂಚಿನಲ್ಲಿ, ಎಲ್ಲಿಂದ ತೆಗೆದದ್ದು ಅಂತ ಬರೆಯಬೇಕು: ಪುಸ್ತಕ, ಪುಟ. ಅಂಚು ಖಾಲಿ ಇದ್ದರೆ ಆ ಸಾಲು ಕಸದಬುಟ್ಟಿಗೆ. ಈ ವರ್ಷ ಆರು ತಿಂಗಳು ಮುಗಿಸಿ ಜುಲೈಗೆ ಕೈ ಹಾಕುವಷ್ಟರಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಯಜಮಾನರು ಇವನ ಕಡೆ ತಿರುಗಿ, "ಎಲ್ಲರ ಹುಟ್ಟಿದ ದಿನ ಸತ್ತ ದಿನ ಬಾಯಲ್ಲೇ ಇಟ್ಕೊಂಡಿರ್ತೀಯಲ್ಲ, ನೀನೇ ಮಾಡು" ಅಂದಿದ್ದರು. ತಾರೀಖು ಅನ್ನೋ ಹೆಸರು ಬಂದದ್ದೇ ಹಾಗೆ.

ಅವನು ಮಾಡಿದ್ದ, ಜೀವ ತೇಯ್ದು ಮಾಡಿದ್ದ. ನಾಲ್ಕು ಭಾನುವಾರ ಲೈಬ್ರರಿಯಲ್ಲಿ ಕೂತು ಎದ್ದಿದ್ದ. ಐದಕ್ಕೆ ಡಾಲಿ ಅನ್ನೋ ತದ್ರೂಪಿ ಕುರಿ ಹುಟ್ಟಿದ್ದು. ಆರಕ್ಕೆ ಹುಚ್ಚುನಾಯಿ ಕಚ್ಚಿದ ಹುಡುಗನಿಗೆ ಮೊಟ್ಟಮೊದಲ ಲಸಿಕೆ. ಹದಿನಾಲ್ಕಕ್ಕೆ ಪ್ಯಾರಿಸ್ಸಿನ ಜನ ಜೈಲಿಗೆ ನುಗ್ಗಿದ್ದು, ಹದಿನಾರಕ್ಕೆ ಅಣುಬಾಂಬು ಸಿಡಿಸಿ ನೋಡಿದ್ದು, ಇಪ್ಪತ್ತಕ್ಕೆ ಚಂದ್ರನ ಮೇಲೆ ಇಳಿದದ್ದು, ಇಪ್ಪತ್ತೆಂಟಕ್ಕೆ ಮೊದಲ ಮಹಾಯುದ್ಧ. ಮೂವತ್ತು ದಿನಕ್ಕೆ ಮೂವತ್ತು ಆಧಾರ, ಪುಟದ ಸಮೇತ.

ಉಳಿದದ್ದು ಒಂಬತ್ತನೇ ತಾರೀಖು. ಅಲ್ಲಿ ಅವನು ಬರೆದದ್ದು: 'ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಇಪ್ಪತ್ಮೂರು ಜನರ ಸಾವು.'

ಒಂಬತ್ತು ವರ್ಷದ ಹಿಂದಿನ ಮಾತು. ಆ ಇಪ್ಪತ್ಮೂರರಲ್ಲಿ ಅವನ ಅಕ್ಕ ಒಬ್ಬಳು. ಹತ್ತೊಂಬತ್ತು ವರ್ಷ. ಸಂಜೆ ಮನೆಗೆ ಬಂದರೆ ಉಗುರಿನ ಸಂದಿಯಲ್ಲಿ ಅವತ್ತಿನ ಬಣ್ಣ: ಒಂದು ದಿನ ನೀಲಿ, ಒಂದು ದಿನ ಕೆಂಪು. "ಇವತ್ತು ಯಾವ ಬಣ್ಣ ಹೇಳು ನೋಡೋಣ" ಅಂತ ಕೈ ಬೆನ್ನ ಹಿಂದೆ ಇಟ್ಟುಕೊಂಡು ಇವನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಳು. ಅವತ್ತು ಕಾರ್ಖಾನೆಯವರು ಗೇಟು ಹಾಕಿಬಿಟ್ಟಿದ್ದರು. ಅಮ್ಮ ಹೊರಗೆ, ಕಂಬಿ ಹಿಡಿದು ನಿಂತು, ಒಳಗಿಂದ ಹೊತ್ತು ತಂದು ಲಾರಿಗೆ ಹಾಕುವುದನ್ನು ಎಣಿಸಿದಳು. ಇಪ್ಪತ್ತೆರಡು ಬೇರೆಯವರ ಮನೆಯವು. ಇಪ್ಪತ್ಮೂರನೆಯದು ತನ್ನದು, ಕಾಲ್ಗೆಜ್ಜೆಯ ಗುರುತಿನ ಮೇಲೆ. ಮುಂದಿನ ವರ್ಷ ಇವನು ಶಾಲೆ ಬಿಟ್ಟು ಈ ಪ್ರೆಸ್ಸಿನ ಮೆಟ್ಟಿಲು ಹತ್ತಿದ.

ಬೆಳಿಗ್ಗೆ ಹೊರಡುವಾಗ ಬಾಯಿ ತಡೆಯಲಾರದೆ ಹೇಳಿಬಿಟ್ಟಿದ್ದ. "ಅಮ್ಮಾ, ಈ ಸಲದ ಕ್ಯಾಲೆಂಡರಲ್ಲಿ ಅಕ್ಕ ಬರ್ತಾಳೆ."

ಅಮ್ಮ ಅಂಗಿಗೆ ಗುಂಡಿ ಹೊಲಿಯುತ್ತಿದ್ದವಳು ದಾರ ಕಚ್ಚಿ ಕತ್ತರಿಸಿ ತಲೆ ಎತ್ತಿದಳು. "ಹೆಸರು ಹಾಕ್ತಾರೇನೋ?"

"ಹೆಸರಿಗೆ ಜಾಗ ಎಲ್ಲಿ, ಒಂದೇ ಸಾಲು. ಇಪ್ಪತ್ಮೂರು ಅಂತ ಬರುತ್ತೆ."

ಅಮ್ಮ ಸೂಜಿಗೆ ಮತ್ತೆ ದಾರ ಪೋಣಿಸಿದಳು. "ಆಗಲಿ ಬಿಡು. ಅದರಲ್ಲಿ ಒಂದು ಅವಳೇ ಅಲ್ವಾ. ಒಂದು ಸಾಕು."

ಪ್ರೆಸ್ಸಿಗೆ ಬರುವಷ್ಟರಲ್ಲಿ ಆ ಸಾಲು ಇನ್ನೇನು ಅಚ್ಚಾಗಿಯೇ ಹೋಯಿತು ಅನ್ನುವ ಹಾಗೆ ಅವನ ಹೊಟ್ಟೆ ತಣ್ಣಗಿತ್ತು. ಅಂಚಿನಲ್ಲಿ ಏನು ಬರೆಯಬೇಕು ಅಂತ ಒಂದು ಗಳಿಗೆ ಯೋಚಿಸಿದ್ದು ನಿಜ. ಲೈಬ್ರರಿಯಲ್ಲಿ ಆ ವರ್ಷದ ಪತ್ರಿಕೆಗಳ ಕಟ್ಟೇ ಇರಲಿಲ್ಲ. ಸುಳ್ಳು ಪುಸ್ತಕದ ಹೆಸರು ಬರೆಯಲು ಕೈ ಬರಲಿಲ್ಲ. ಯಾರು ಎಣಿಸಿದರೋ ಅವರನ್ನೇ ಬರೆದ.

"ಸಾರ್, ಒಂಬತ್ತಕ್ಕೆ ಟೆನಿಸ್ ಇದೆಯಲ್ಲ," ಅಂದಳು ಪ್ರೂಫ್ ನೋಡುವ ಕನ್ನಡಕದಮ್ಮ. ಹಾಳೆಯನ್ನು ಯಜಮಾನರ ಕೈಗೆ ಕೊಟ್ಟವಳೂ ಅವಳೇ. "ಸಾವಿರದ ಎಂಟುನೂರ ಎಪ್ಪತ್ತೇಳು, ವಿಂಬಲ್ಡನ್ ಶುರುವಾದ ದಿನ. ಪುಟ ನನ್ನ ಹತ್ರ ಇದೆ."

"ಹಾಕಿ ಅದನ್ನೇ."

ಆಗ ಅವನು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. "ಕುರಿ ಹುಟ್ಟಿದ್ದಕ್ಕೆ ಜಾಗ ಇದೆ. ಚೆಂಡು ಕುಟ್ಟಿದ್ದಕ್ಕೆ ಜಾಗ ಇದೆ. ಇಪ್ಪತ್ಮೂರು ಹೆಂಗಸರು ಗಂಡಸರು ಬೆಂದು ಹೋದದ್ದಕ್ಕೆ ಇಲ್ಲ, ಅಲ್ವಾ ಯಜಮಾನ್ರೇ?"

ನಗು ನಿಂತಿತು. ಯಜಮಾನರು ಕೆಟ್ಟ ಮನುಷ್ಯರೇನಲ್ಲ. ಬಾಯಿ ಹರಿತ, ಅಷ್ಟೆ. ಬಿದ್ದ ಕುರ್ಚಿಯನ್ನು ತಾವೇ ಎತ್ತಿ ನಿಲ್ಲಿಸಿದರು. "ಜಾಗ ಇಲ್ಲ ಅಂದೋರು ಯಾರು? ಆಧಾರ ತಾ, ಹಾಕ್ತೀನಿ. ನಾಳೆ ಯಾವನೋ ಬಂದು ಇದು ಸುಳ್ಳು ಅಂತ ಕೊರಳಪಟ್ಟಿ ಹಿಡಿದ್ರೆ ನಿಮ್ಮಮ್ಮನ್ನ ಕರ್ಕೊಂಡು ಬಂದು ನಿಲ್ಲಿಸ್ಲಾ? ನಾಲ್ಕು ಗಂಟೆಗೆ ಜುಲೈ ಅಚ್ಚಿನ ಪ್ಲೇಟಿಗೆ ಹೋಗುತ್ತೆ. ಅಷ್ಟರೊಳಗೆ ತಾ."

ಅವನು ಟೀ ಕುಡಿಯದೆ ಹೊರಟ. ಮೇಷ್ಟ್ರ ಮನೆಗೆ ಎರಡು ಬಸ್ಸು ಬದಲಾಯಿಸಬೇಕು. ಮೊದಲನೆಯದು ಕೈಕೊಟ್ಟಿತು, ಎರಡನೆಯದರಲ್ಲಿ ನಿಂತೇ ಹೋದ.

ಮೇಷ್ಟ್ರು ಮಹಡಿಯ ಕೋಣೆಯಲ್ಲಿ ದಿಂಬಿಗೆ ಒರಗಿದ್ದರು. ಸೊಸೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಬಾಯಿಯ ಒಂದು ಮೂಲೆಯಿಂದ ಒಳಗೆ ಹೋದದ್ದು ಇನ್ನೊಂದು ಮೂಲೆಯಿಂದ ಇಳಿಯುತ್ತಿತ್ತು. ಇವನನ್ನು ಕಂಡು ಕಣ್ಣು ಮಾತ್ರ ನಕ್ಕವು.

"ಬಾರೋ ತಾರೀಖು. ಜುಲೈ ಹೇಗೆ ಬಂತು?" ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು.

ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಮೇಷ್ಟ್ರು ಕೇಳಿ, ಎಡಗೈ ಎತ್ತಿ ಮಂಚದ ಕೆಳಗೆ ತೋರಿಸಿದರು. ತಗಡಿನ ಪೆಟ್ಟಿಗೆ. ಒಳಗೆ ತಾರೀಖಿಗೊಂದರ ಹಾಗೆ ಮುನ್ನೂರ ಅರವತ್ತಾರು ಲಕೋಟೆ, ದಾರ ಕಟ್ಟಿ ತಿಂಗಳುವಾರು ಜೋಡಿಸಿಟ್ಟದ್ದು.

"ಜುಲೈ ಒಂಬತ್ತು ತೆಗಿ. ಇದೆ ನನ್ನ ಹತ್ರ."

ಅವನು ಮಂಡಿಯೂರಿ ಜುಲೈ ಕಟ್ಟು ಎಳೆದ. ಇಷ್ಟು ವರ್ಷ ಅದೇ ಊರಲ್ಲಿ, ಮಂಚದ ಕೆಳಗೆ, ದಾರ ಕಟ್ಟಿಸಿಕೊಂಡು ಕೂತಿತ್ತೇ! ಲಕೋಟೆ ಬಿಚ್ಚಿದ. ಪತ್ರಿಕೆಯ ತುಂಡು, ಹಳದಿಯಾಗಿತ್ತು, ಅಂಚಿನಲ್ಲಿ ಮೇಷ್ಟ್ರ ಅಕ್ಷರದಲ್ಲಿ ಪತ್ರಿಕೆಯ ಹೆಸರು, ತಾರೀಖು. ಬೆಂಕಿಪೊಟ್ಟಣದಷ್ಟು ಜಾಗ.

'ಬಣ್ಣದ ಕಾರ್ಖಾನೆಯಲ್ಲಿ ನಿನ್ನೆ, ಜುಲೈ ೯ರಂದು, ಬಾಯ್ಲರ್ ಸಿಡಿದು ಮೂವರು ಸತ್ತಿದ್ದಾರೆ. ಮೃತರು ಮೇಸ್ತ್ರಿ, ಬಾಯ್ಲರ್ ನೋಡಿಕೊಳ್ಳುವವ ಹಾಗೂ ಕಾವಲುಗಾರ. ಇನ್ನು ಕೆಲವರಿಗೆ ಪೆಟ್ಟಾಗಿದೆ ಎಂದು ತಿಳಿದುಬಂದಿದೆ.'

ಅಷ್ಟೇ. ಅವನು ಹಿಂದೆ ತಿರುಗಿಸಿ ನೋಡಿದ. ಹಿಂದೆ ಸೋಪಿನ ಜಾಹೀರಾತು.

"ಮೇಷ್ಟ್ರೇ, ಇಪ್ಪತ್ಮೂರು."

"ಗೊತ್ತು ಕಣೋ."

"ಗೊತ್ತಾ?"

"ಊರಿಗೇ ಗೊತ್ತಿತ್ತು. ಹಾಜರಿ ಪುಸ್ತಕದಲ್ಲಿ ಮೂರೇ ಹೆಸರು. ಹೆಂಗಸರೆಲ್ಲ ದಿನಗೂಲಿ. ಬೆಳಿಗ್ಗೆ ಬಾಗಿಲಲ್ಲಿ ತಲೆ ಎಣಿಸಿ ಒಳಗೆ ಬಿಡೋರು, ಬರ್ಕೊಳ್ಳೋರಲ್ಲ. ಬರೆಯದೆ ಇದ್ದೋರು ಒಳಗೇ ಇರಲಿಲ್ಲ ಅಂತಾಯ್ತು."

"ಹಾಗಾದ್ರೆ ನೀವೊಂದು ಸಾಲು ಬರೆದುಕೊಡಿ. ನಿಮ್ಮ ಅಕ್ಷರ ಇದ್ರೆ ಯಜಮಾನ್ರು ಕಣ್ಣಿಗೆ ಒತ್ಕೊಂಡು ಹಾಕ್ತಾರೆ."

ಮೇಷ್ಟ್ರು ಹೊದಿಕೆಯ ಮೇಲೆ ಬಿದ್ದಿದ್ದ ತಮ್ಮ ಬಲಗೈಯನ್ನು, ಯಾರದೋ ಸಾಮಾನು ಅನ್ನುವ ಹಾಗೆ ನೋಡಿದರು.

"ಎಡಗೈಲಿ ಬರೀರಿ. ಸೊಟ್ಟ ಆದ್ರೂ ಪರವಾಗಿಲ್ಲ."

"ನಾನು ಕಂಡಿಲ್ವಲ್ಲೋ. ಮೂವತ್ತು ವರ್ಷದಲ್ಲಿ ಆಧಾರ ಇಲ್ಲದ್ದನ್ನ ಒಂದು ಸಾಲು ಬರೆದೋನಲ್ಲ ನಾನು."

"ಪ್ಯಾರಿಸ್ಸಿನ ಜೈಲು ಕಂಡಿದ್ರಾ? ಚಂದ್ರನ ಮೇಲೆ ಇಳಿದಾಗ ಏಣಿ ಹಿಡ್ಕೊಂಡಿದ್ರಾ?"

ಸೊಸೆ "ಸ್ವಲ್ಪ ಮೆಲ್ಲಗೆ ಮಾತಾಡಪ್ಪಾ" ಅಂದಳು. ಮೇಷ್ಟ್ರು ಎಡಗೈಯಿಂದ ತುಟಿಯ ಗಂಜಿ ಒರೆಸಿಕೊಂಡರು. "ಅವು ಅಚ್ಚಾಗಿವೆ."

"ನಮ್ಮಮ್ಮ ಕಣ್ಣಾರೆ ಕಂಡಿದ್ದಾಳೆ. ಕೈಯಾರೆ ಎಣಿಸಿದ್ದಾಳೆ."

"ಅಚ್ಚಾಗಿಲ್ಲ ಮರಿ," ಅಂದರು ಮೇಷ್ಟ್ರು. ಒಳ್ಳೆಯ ಕಣ್ಣಿಂದ ನೀರು ಇಳಿಯಿತೋ, ಬಿದ್ದುಹೋದ ಕಣ್ಣಿಂದ ಸುಮ್ಮನೆ ಸೋರಿತೋ, ಅವನು ನೋಡಲು ನಿಲ್ಲಲಿಲ್ಲ. ತುಂಡನ್ನು ಜೇಬಿಗೆ ಹಾಕಿಕೊಂಡು ಇಳಿದ.

ಬಸ್ಸಿನಲ್ಲಿ ಅದನ್ನು ಹತ್ತು ಸಲ ಓದಿದ. 'ಕೆಲವರು' ಅನ್ನುವುದರ ಮೇಲೆ ಬೆರಳಿಟ್ಟು ಕೂತ. ಅಕ್ಕ ಇದ್ದರೆ ಇದರಲ್ಲೇ ಇರಬೇಕು, ಪೆಟ್ಟಾದವರ ಜೊತೆ. ಮೂವರು ಅನ್ನುವುದನ್ನು ಅಕ್ಷರದಲ್ಲಿ ಬರೆದುಬಿಟ್ಟಿದ್ದಾರೆ, ಅಂಕಿಯಾಗಿದ್ದರೆ ಪೆನ್ನಿನಲ್ಲಿ ಅದರ ಎಡಕ್ಕೊಂದು '೨' ಎಳೆಯಬಹುದಿತ್ತು. ಕಂಪ್ಯೂಟರಿನಲ್ಲಿ ಇಪ್ಪತ್ಮೂರು ಅಂತ ಹೊಡೆಯುವುದು ಎಷ್ಟರ ಕೆಲಸ. ಆದರೆ ಪ್ಲೇಟು ಮಾಡುವ ಮುಂಚೆ ಕನ್ನಡಕದಮ್ಮ ಸಾಲು ಸಾಲನ್ನೂ ಆಧಾರಕ್ಕೆ ತಾಳೆ ಹಾಕಿ ನೋಡುತ್ತಾಳೆ. ಹರಿದು ಕಿಟಕಿಯಿಂದ ಎಸೆದುಬಿಡಲೇ ಅನ್ನಿಸಿತು. ಎಸೆದರೆ ಟೆನಿಸ್. ಇನ್ನೊಂದು ಆಸೆ, ಹುಚ್ಚು ಆಸೆ, ಬಿಡಲಿಲ್ಲ: ಯಜಮಾನರಿಗೂ ಈ ಊರೇ. ಅವರೂ ಅವತ್ತು ಹೊಗೆ ನೋಡಿರಬೇಕು. ಇಷ್ಟು ತೋರಿಸಿದರೆ ಉಳಿದದ್ದು ಅವರೇ ಹೇಳಬಹುದು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮೆಟ್ಟಿಲು ಹತ್ತಿದ. ತುಂಡನ್ನು ಮೇಜಿನ ಮೇಲೆ ಇಟ್ಟ.

ಯಜಮಾನರು ಓದಿದರು. ಮುಖ ಸಡಿಲವಾಯಿತು. "ನೋಡಿದ್ಯಾ! ಹುಡುಕಿದ್ರೆ ಸಿಗುತ್ತೆ. ಬೆಳಿಗ್ಗೆ ಏನೋ ಅಂದುಬಿಟ್ಟೆ, ಮನಸ್ಸಿಗೆ ಹಚ್ಕೋಬೇಡ." ಕನ್ನಡಕದಮ್ಮನ ಕಡೆ ತಿರುಗಿದರು. "ಟೆನಿಸ್ ತೆಗೀರಿ. ಬಾಯ್ಲರ್ ಸಿಡಿದು ಮೂವರ ಸಾವು. ಪತ್ರಿಕೆ ಹೆಸರು, ತಾರೀಖು ಅಂಚಲ್ಲಿ ಬರ್ಕೊಳ್ಳಿ."

"ಇಪ್ಪತ್ಮೂರು," ಅಂದ ಅವನು.

"ಎಲ್ಲಿದೆಯೋ ಇದರಲ್ಲಿ?"

ಬೈಂಡಿಂಗ್ ಮೇಜಿನ ಹೆಂಗಸರಲ್ಲಿ ಒಬ್ಬಳು ಹಾಳೆ ಮಡಚುವುದನ್ನು ನಿಲ್ಲಿಸಿದಳು. ಬೆಳಿಗ್ಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು. "ಮೂರಲ್ಲ ಯಜಮಾನ್ರೇ. ನಮ್ಮ ಓಣಿಗೇ ಐದು ಹೆಣ ಬಂದಿದ್ವು."

"ನೀನೂ ಎಣಿಸಿದ್ಯೇನಮ್ಮಾ?" ಯಜಮಾನರ ದನಿಯಲ್ಲಿ ಈ ಸಲ ಕುಹಕವಿರಲಿಲ್ಲ, ದಣಿವಿತ್ತು. "ನಾನೂ ಕೇಳಿದ್ದೆ. ಹತ್ತು ಅಂದ್ರು, ಮೂವತ್ತು ಅಂದ್ರು. ಬಾಯಿಗೆ ಬಂದಷ್ಟು ಅಂದ್ರು. ಕೇಳಿದ್ದನ್ನೆಲ್ಲ ಅಚ್ಚು ಹಾಕೋಕಾಗುತ್ತಾ?"

ಹೆಂಗಸು ತಲೆ ತಗ್ಗಿಸಿ ಮತ್ತೆ ಹಾಳೆ ಮಡಚಿದಳು. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಾಗಿತ್ತು.

ಮೆಷಿನ್ ಮಾಮ ಬಾಗಿಲಲ್ಲಿ ಕೆಮ್ಮಿದ. ಪ್ಲೇಟಿಗೆ ಹೊತ್ತಾಗಿತ್ತು.

ಯಜಮಾನರು ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. ಎಂಟು ವರ್ಷದಲ್ಲಿ ಮೊದಲನೇ ಸಲ. "ನೋಡಪ್ಪಾ, ನಿನ್ನ ತಿಂಗಳು, ನೀನೇ ಹೇಳು. ಮೂರು ಅಂತ ಹಾಕ್ಲಾ, ಟೆನಿಸ್ ಹಾಕ್ಲಾ? ಮೂರಾದ್ರೂ ಇರಲಿ ಬಿಡು. ಏನೂ ಇಲ್ಲದ್ದಕ್ಕಿಂತ ವಾಸಿ ಅಲ್ವಾ?"

ಮೂರು ಅಂತ ಬಿದ್ದರೆ ಇಪ್ಪತ್ತು ಸಾವಿರ ಗೋಡೆಯ ಮೇಲೆ ಮೂರು. ಮುಂದಿನ ವರ್ಷ ಬೇರೆ ಯಾರೋ ಈ ಕ್ಯಾಲೆಂಡರನ್ನೇ ಆಧಾರ ಅಂತ ಬರೆದುಕೊಳ್ಳುತ್ತಾರೆ, ಅದರ ಮುಂದಿನ ವರ್ಷ ಇನ್ಯಾರೋ. ಅಮ್ಮ ಜುಲೈ ಒಂಬತ್ತರ ಬೆಳಿಗ್ಗೆ ಹಾಳೆಯನ್ನು ಪಕ್ಕದ ಮನೆಯವಳ ಕೈಲಿ ಓದಿಸುತ್ತಾಳೆ. ಮೇಸ್ತ್ರಿ ಒಂದು, ಬಾಯ್ಲರಿನವನು ಎರಡು, ಕಾವಲಿನವನು ಮೂರು. ಲೆಕ್ಕ ಅಲ್ಲಿಗೆ ಚುಕ್ತಾ. ಇವಳ ಮಗಳು ಸಾಯಲೇ ಇಲ್ಲ. ಹಾಗಂತ ಬೇಡ ಅಂದರೆ ಅವತ್ತು ಏನೂ ಆಗಲೇ ಇಲ್ಲ, ಯಾರೋ ಹುಲ್ಲಿನ ಮೇಲೆ ಆಡಿದರು.

"ಹೇಳೋ," ಅಂದರು ಯಜಮಾನರು. ಹೆಗಲ ಮೇಲಿನ ಕೈ ಭಾರವಾಗಿತ್ತು. "ಎಲ್ಲರೂ ಕಾಯ್ತಿದ್ದಾರೆ."

ಕನ್ನಡಕದಮ್ಮ ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಮೇಲೆ ಹಿಡಿದಿದ್ದಳು. ಆರು ಜನ ಹೆಂಗಸರೂ ಅವನನ್ನೇ ನೋಡುತ್ತಿದ್ದರು. ಅವನು ಹೆಗಲನ್ನು ಆ ಕೈಯ ಕೆಳಗಿನಿಂದ ಜಾರಿಸಿಕೊಂಡ. ಗೂಟದ ಮೇಲಿನ ಊಟದ ಚೀಲ ತೆಗೆದುಕೊಂಡ. ಮೆಷಿನ್ ಮಾಮ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಲೋ, ಹೂಂ ಅನ್ನು, ಇಲ್ಲಾ ಊಹೂಂ ಅನ್ನು!" ಅಂತ ಹಿಂದಿನಿಂದ ಕೂಗಿದ್ದು ಮೊದಲನೇ ತಿರುವಿನಲ್ಲಿ ಕೇಳಿಸಿತು. ಅವನು ಮೆಟ್ಟಿಲು ಇಳಿಯುತ್ತಲೇ ಇದ್ದ.