ಆರನೇ ನಂಬರ್ ಖೋಲಿಯ ಬಿಲ್ಲು

ಯರಗುಪ್ಪಿಯ ಸಂಗನಬಸವನ ಗಂಟಲಲ್ಲಿ ಅರ್ಧ ಊರೇ ಬಿಡಾರ ಹೂಡಿತ್ತು. ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತು ಅವನು ತಲಾಠಿಯ ಕೆಮ್ಮು, ಕಂಡಕ್ಟರನ ಸೀಟಿ, ಹಾಲಿನವಳ ಬೈಗುಳ ತೆಗೆದರೆ ಗಿರಾಕಿಗಳು ಕೊಂಡ ಚೀಲ ಮರೆತು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ತಾಯಿ ಸಾವಿತ್ರೆವ್ವ ತೀರಿಕೊಂಡ ಮೇಲೆ ಆ ಬಿಡಾರವೆಲ್ಲ ಖಾಲಿ. "ಸಾವ್ಕಾರ್ರ, ಒಂದ ದನಿ ತಗೀರಲಾ" ಎಂದು ಯಾರಾದರೂ ಕೇಳಿದರೆ, "ಸ್ಟಾಕ್ ಇಲ್ಲ, ಮುಂದಿನ ಹಂಗಾಮಿಗೆ ಬರ್ರಿ" ಎನ್ನುತ್ತಿದ್ದ.

ಅವತ್ತು ಮುಂಜಾನೆ ಚಹಾ ಕುಡಿಯುತ್ತಿದ್ದಾಗ ಫೋನಿಗೆ ಒಂದು ಬಿಲ್ಲು ಬಂತು. ಅಳ್ನಾವರದ ಲಾಡ್ಜಿನದು. ಸೋದರಮಾವನ ಮಗಳ ಮದುವೆಗೆ ಹೋದಾಗ ತಾಯಿ, ಮಗ ಇಳಿದುಕೊಂಡಿದ್ದು ಅಲ್ಲಿಯೇ. ಮದುವೆಯ ಮಧ್ಯಾಹ್ನ ಸಾವಿತ್ರೆವ್ವ ಕೊನೆಯುಸಿರೆಳೆದದ್ದೂ ಅಲ್ಲಿಯ ಆರನೇ ನಂಬರ್ ಖೋಲಿಯಲ್ಲಿಯೇ. ಬಾಡಿಗೆಯನ್ನು ಅವತ್ತೇ ಕೊಟ್ಟಾಗಿತ್ತು. ಈಗ ಬಂದದ್ದು ಬೇರೆ ಲೆಕ್ಕ: ಹೊಸ ಗಾದಿ, ಖಾಲಿ ಬಿದ್ದ ಖೋಲಿಯ ನುಕಸಾನಿ, ಅದರ ಕೆಳಗೆ 'ಅಶುಭ ನಿವಾರಣೆ'.

ಹೆಂಡತಿ ಮಹಾನಂದಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಕೊಟ್ಟ ಬಿಡ್ರಿ. ಹೋದವರ ಹೆಸರಿಲೆ ಜಗಳಾ ಬ್ಯಾಡ."

"ರೊಕ್ಕದ ಮಾತಲ್ಲ ಇದು. ಅವ್ವನ್ನ ಅಶುಭ ಅಂತ ಬರದಾನ. ಕೊಟ್ಟೆ ಅಂದ್ರ ಹೌದು ಅಂದಂಗಾತು. ಲಿಂಗಾ ಕಟ್ಟಿದವರಿಗೆ ಸೂತಕಿಲ್ಲ ಅಂತ ಹುಟ್ಟಿದಾಗಿಂದ ಕೇಳಕೋತ ಬಂದೀವಿ. ಈ ಮಗಾ ಟ್ಯಾಕ್ಸ್ ಸಮೇತ ಸೂತಕಾ ಹಚ್ಯಾನ!"

"ಹೋಗಿ ಬರ್ರಿ ಹಂಗಾರ. ಕೈ ಮಾತ್ರ ಎತ್ತಬ್ಯಾಡ್ರಿ."

ಬಸ್ಸು ಧಾರವಾಡ ದಾಟಿ ಕಾಡಿನ ಅಂಚು ಹಿಡಿದಾಗ ಅವನ ಸಿಟ್ಟು ಇಳಿಯಿತು, ಬೇರೆಯದು ಮೇಲೆದ್ದಿತು. ಅವ್ವ ಹೋದಾಗ ಅವನೆಲ್ಲಿದ್ದ? ಲಾಡ್ಜಿನ ಎದುರಿನ ಮಂಗಲ ಕಾರ್ಯಾಲಯದಲ್ಲಿ ಮೈಕು ಹಿಡಿದು ನಿಂತಿದ್ದ. ಬೀಗರೆಲ್ಲ ಕೇಳಿದರೆಂದು ಅವ್ವನ ದನಿಯನ್ನೇ ತೆಗೆದಿದ್ದ: "ಯಾಕೋ ಬಸ್ಯಾ, ಉಂಡೇನೋ? ಉಂಡಿದ್ರ ಇನ್ನೊಮ್ಮಿ ಉಣ್ಣು!" ಪೆಂಡಾಲು ಬಿದ್ದು ಬಿದ್ದು ನಕ್ಕಿತ್ತು. ನಗಿಸಿ, ಬೆವರೊರೆಸಿಕೊಂಡು ಖೋಲಿಗೆ ಬಂದರೆ ಅವ್ವ ಗೋಡೆಯ ಕಡೆ ಮಗ್ಗುಲಾಗಿದ್ದಳು. ಅವಳ ದನಿಯನ್ನು ತಾನೇ ಕಿತ್ತುಕೊಂಡು ಮೈಕಿನಲ್ಲಿ ಖರ್ಚು ಮಾಡಿಬಿಟ್ಟೆನೇನೋ ಎಂಬ ಹುಚ್ಚು ಯೋಚನೆ ಅಂದಿನಿಂದ ಅವನನ್ನು ಬಿಟ್ಟಿರಲಿಲ್ಲ.

ಲಾಡ್ಜಿನ ಮಾಲಕ ಪಂಢರಿನಾಥ ಸಭ್ಯಸ್ಥ. ಮಾತಿಗೊಮ್ಮೆ ಮೂಗಿನ ಮೇಲೆ ಚಷ್ಮಾ ಏರಿಸುವ ಮನುಷ್ಯ.

"ಬರ್ರಿ ಸಾವ್ಕಾರ್ರ, ಕೂಡ್ರಿ. ಚಹಾ ತರಸ್ಲಿ?"

"ಚಹಾಕ್ಕೂ ಅಶುಭದ ಖರ್ಚು ಹಚ್ಚತೀರೇನು?"

ಪಂಢರಿನಾಥ ನಗಲಿಲ್ಲ. "ನನ್ನ ಅಡಚಣಿನೂ ಸ್ವಲ್ಪ ಕೇಳ್ರಿ. ಆ ಖೋಲಿಗೆ ಗಿರಾಕಿ ಬರವಲ್ರು. ಕೆಲಸದವರು ಕಸಾ ಹೊಡಿಲಿಕ್ಕೆ ಹೋಗವಲ್ರು. ಪೂಜಾ ಮಾಡ್ಸಿದೆ, ದಿಗ್ಬಂಧನ ಹಾಕ್ಸಿದೆ. ಅದನ್ನೆಲ್ಲಾ ನಾ ಯಾರ ಹತ್ರ ಕೇಳ್ಬೇಕು?"

"ಮನಶಾ ಹುಟ್ಟಿದ ಮ್ಯಾಲ ಎಲ್ಲೋ ಒಂದ ಕಡೆ ಸಾಯಬೇಕಲ್ರಿ. ನಿಮ್ಮ ಬೋರ್ಡಿನ ಮ್ಯಾಲ 'ಇಲ್ಲಿ ಸಾಯಬಾರದು' ಅಂತ ಬರಿಸ್ಬೇಕಿತ್ತು."

"ಸತ್ತಿದ್ದಕ್ಕಲ್ರಿ." ಪಂಢರಿನಾಥ ದನಿ ತಗ್ಗಿಸಿದ. "ಅವರು ಹೋಗಿಲ್ಲಂತ. ಮಧ್ಯಾಹ್ನ ಒಳಗಿಂದ 'ಬಸ್ಯಾ, ಬಸ್ಯಾ' ಅಂತ ಕರೀತಾರಂತ. ಊರೆಲ್ಲಾ ಅದ ಸುದ್ದಿ ಅದ."

ಸಂಗನಬಸವನಿಗೆ ಹುಟ್ಟಿದ್ದು ಬೇರೆಯದೇ. ಹೆದರಿಕೆಯಲ್ಲ, ಹೊಟ್ಟೆಕಿಚ್ಚು. ತನ್ನ ಕನಸಿಗೂ ಬಾರದ ಅವ್ವ ಇಲ್ಲಿ ಕಂಡವರ ಕಿವಿಗೆಲ್ಲ ಬೀಳುತ್ತಿದ್ದಾಳೆಯೇ? ಅವನು ತಲೆ ತಗ್ಗಿಸಿದ. ಏನು ಹೇಳಬೇಕೆಂದು ತೋಚುವ ಮೊದಲೇ ಬಾಯಿಂದ ದನಿ ಹೊರಟಿತ್ತು. ಒಡಕು, ಸಣ್ಣ, ಕೊನೆಯಲ್ಲಿ ಎಳೆದ ದನಿ.

"ಹೌದೇನೋ ಪಂಢರಿ? ನಾ ನಿನ್ನ ಖೋಲ್ಯಾಗ ಕುಂತೇನಿ? ಹಂಗಾರ ಬಾಡಗಿ ನನ್ನ ಬಂದ ಕೇಳು. ನನ್ನ ಮಗನ್ನ ಯಾಕ ಕಾಡ್ತಿ?"

ಪಂಢರಿನಾಥನ ಚಷ್ಮಾ ಜಾರಿತು. ಏರಿಸಲು ಕೈ ಬರಲಿಲ್ಲ. ರೊಕ್ಕದ ಗಲ್ಲೆಯ ಡ್ರಾವರ್ ತಾನಾಗಿ ತೆರೆದಂತೆ ತೆರೆಯಿತು. "ಬಿಲ್ ರದ್ದು. ಏನೂ ಬ್ಯಾಡ. ಕೊಟ್ಟ ಬಾಡಗಿನೂ ತಗೊಂಡ ಹೋಗ್ರಿ" ಎನ್ನುತ್ತ ನೋಟುಗಳನ್ನು ಮೇಜಿನ ಮೇಲೆ ತಳ್ಳಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಕೆಟ್ಟು ಉರುಳಿತು. ಕಸಗುಡಿಸುವ ಶಮೀಮಾಬಿ ಗೋಡೆಗೊತ್ತಿಕೊಂಡು ಕುಸಿದಿದ್ದಳು. "ಅವ್ವಾ, ನಾ ಏನ್ ತಪ್ಪ ಮಾಡಿದ್ನಿ? ನೀರ ಕೇಳಿದ್ರಿ, ಕೊಟ್ನಿ. ಬಾಗಲಾ ಮುಂದ ಮಾಡಕೊಂಡ ಹೋಗು ಅಂದ್ರಿ, ಹೋದ್ನಿ. ನನ್ನ ಬಿಟ್ಟ ಬಿಡ್ರಿ!"

ಸಂಗನಬಸವ ಗೆದ್ದಿದ್ದ. ನೋಟುಗಳು ಅವನ ಕೈಗೆ ಎಟುಕುವಂತೆ ಬಿದ್ದಿದ್ದವು. ಎತ್ತಿಕೊಂಡು ನಡೆದರೆ ಮುಗಿಯುತ್ತಿತ್ತು. ಆದರೆ ಇಷ್ಟು ದಿನ ಊರಿನ ಬಾಯಲ್ಲಿ ಬರೀ ಗಾಳಿಯಾಗಿದ್ದ ದೆವ್ವಕ್ಕೆ ಈಗ ತಾನೇ ಗಂಟಲು ಕೊಟ್ಟಿದ್ದ. ಬಿಲ್ಲಿನಿಂದ ಅವ್ವನ ಹೆಸರು ಅಳಿಸಲು ಬಂದವನು ಅವಳನ್ನು ಆ ಖೋಲಿಗೆ ಖಾಯಂ ಮಾಡಿದ್ದ. ಇನ್ನು ಈ ಹೆಂಗಸು ಆ ಬಾಗಿಲ ಮುಂದೆ ಹೇಗೆ ಓಡಾಡಬೇಕು?

"ಶಮೀಮಾಬಿ, ಏಳವ್ವಾ. ನಮ್ಮ ಅವ್ವಲ್ಲ ಅದು. ನಾ ತಗದ ದನಿ."

ಅವಳು ನಂಬಲಿಲ್ಲ. ಅವನು ಹತ್ತಿರ ಹೋಗಿ, ಅವಳು ತುಟಿ ನೋಡುವಂತೆ ನಿಂತು, ಮತ್ತೊಮ್ಮೆ ಅವ್ವನಂತೆ ಮಾತಾಡಿದ. ಅದೂ ಸಾಲದೆಂದು ಇಲ್ಲದ ಚಷ್ಮಾವನ್ನು ಮೂಗಿಗೆ ಏರಿಸಿ, "ಬರ್ರಿ ಸಾವ್ಕಾರ್ರ, ಕೂಡ್ರಿ. ಚಹಾ ತರಸ್ಲಿ?" ಎಂದ. ಶಮೀಮಾಬಿ ಅಳುತ್ತಲೇ ಫಕ್ಕನೆ ನಕ್ಕಳು.

ಪಂಢರಿನಾಥನ ಮುಖ ಕೆಂಪಾಯಿತು. "ಏನ್ ಹುಡುಗಾಟಗಿ ಇದು? ಮತ್ತ ನಾ ಹಂಗ ಮಾತಾಡ್ತೀನೇನು?"

"ಯಾ ಅಲ್ಲಾ! ಅವರೂ ಹಿಂಗ ಅಂದಿದ್ರು" ಎಂದಳು ಶಮೀಮಾಬಿ.

"ಯಾರು?"

"ನಿಮ್ಮ ಅವ್ವಾರು. ನಾ ನೀರ ಕೊಡೂ ಮುಂದ ಕಾರ್ಯಾಲಯದ ಸ್ಪೀಕರ್‌ನ್ಯಾಗ ನಿಮ್ಮ ಆವಾಜ್ ಬರಾಕತ್ತಿತ್ತು. ಕಿವಿಗೊಟ್ಟ ಕೇಳಿದ್ರು. 'ನೋಡು, ಮಂದ್ಯಾಗ ನನ್ನ ಮಾನಾ ಕಳ್ಯಾಕತ್ತಾನ ಹಾಳಾದಂವಾ. ನಾ ಹಂಗ ಮಾತಾಡ್ತೀನೇನ?' ಅಂದ್ರು. ನಕ್ಕೋತ ಮಗ್ಗಲಾದ್ರು."

ಸಂಗನಬಸವನಿಗೆ ಯಾರ ದನಿಯೂ ನೆರವಿಗೆ ಬರಲಿಲ್ಲ. ಮೆಟ್ಟಿಲ ಕಡೆ ತಿರುಗಿ, "ಆ ಖೋಲಿ ತಗೀರಿ" ಎಂದ.

ಹೊಸ್ತಿಲಿಗೆ ಮೊಳೆ ಹೊಡೆದಿದ್ದರು. ಮೇಲೆ ಒಣಗಿ ಕಪ್ಪಾದ ಲಿಂಬೆಹಣ್ಣು ತೂಗುತ್ತಿತ್ತು. ಅವನು ದಾಟಿ ಒಳಗೆ ಹೋದ. ಹೊಸ ಗಾದಿಯ ಕಾಟು, ಕಪಾಟು, ಮುಚ್ಚಿದ ಕಿಟಕಿ. "ಅವ್ವಾ" ಎಂದು ಕರೆದ, ತನ್ನದೇ ದನಿಯಲ್ಲಿ. ಒಂದು ಸಲಕ್ಕಾದರೂ ಊರಿನ ಸುದ್ದಿ ನಿಜವಾಗಲಿ ಎಂದು ಅವನ ಜೀವ ಕಿವಿಗೆ ಬಂದು ಕೂತಿತು. ದೂರದಲ್ಲಿ ಯಾವುದೋ ರೈಲುಗಾಡಿಯ ಕೂಗು ಕೇಳಿ ನಿಂತಿತು. ಅಷ್ಟೇ. ಅವ್ವ ಅಲ್ಲಿರಲಿಲ್ಲ. ಅವನು ಕಾಟಿನ ಅಂಚಿಗೆ ಕೂತು, ಮಣ್ಣು ಕೊಟ್ಟ ದಿನವೂ ಅಳದಿದ್ದವನು, ಬಿಕ್ಕಿ ಬಿಕ್ಕಿ ಅತ್ತ.

ಶಮೀಮಾಬಿ ಒಳಗೆ ಬಂದು ಕಿಟಕಿ ತೆರೆದಳು. ಪಂಢರಿನಾಥ ಮಾತ್ರ ಹೊಸ್ತಿಲ ಹೊರಗೇ ನಿಂತಿದ್ದ.

"ಗಾದಿ ಖರೇನ ಹೊಲಸಾಗಿದ್ರ ಹೇಳ್ರಿ" ಎಂದ ಸಂಗನಬಸವ, ಕಣ್ಣೊರೆಸಿಕೊಂಡು. "ಅದರ ರೊಕ್ಕಾ ಕೊಡ್ತೀನಿ."

"ಗಾದಿಗೇನೂ ಆಗಿದ್ದಿಲ್ರಿ." ಪಂಢರಿನಾಥ ಚಷ್ಮಾ ಏರಿಸಿದ. "ನಮ್ಮ ಅಪ್ಪ ದವಾಖಾನಿ ಕಾಟಿನ ಮ್ಯಾಲ ಹೋದ್ರು. ನಾವು ಇನ್ನೂ ಸಾಮಾನು ಕಟ್ಟಲಿಕ್ಕೆ ಹತ್ತಿದ್ವಿ, ಅದಕ್ಕೊಂದು ಬಾಣಂತಿನ್ನ ತಂದು ಮಲಗಿಸಿದ್ರು. ಯಾರೂ ನಮಗ ಏನೂ ಅನ್ನಲಿಲ್ಲ." ಲಿಂಬೆಹಣ್ಣಿನ ದಾರಕ್ಕೆ ಕೈ ಹಾಕಿದ. ಜಗ್ಗಿ ಹರಿದು, ಒಂದು ಕಾಲನ್ನು ಒಳಗಿಟ್ಟ.

ಕೆಳಗೆ ಬಂದಾಗ ಮೇಜಿನ ಮುಂದೆ ಒಬ್ಬಳು ಹೆಂಗಸು ನಿಂತಿದ್ದಳು. ಹೆಗಲ ಮೇಲೆ ಮಲಗಿದ ಕೂಸು, ಕಾಲ ಬಳಿ ಚೀಲ. ಗೋವಾದ ಗಾಡಿ ತಡವಾಗಿದೆಯಂತೆ. ಸಂಜೆಯ ತನಕ ಒಂದು ಖೋಲಿ ಬೇಕು. ಖಾಲಿ ಇದ್ದದ್ದು ಅದೊಂದೇ. ಪಂಢರಿನಾಥ ಮೇಜಿನ ಮೇಲಿನ ನೋಟುಗಳನ್ನು ಗಲ್ಲೆಗೆ ಹಾಕಿ, ಆರನೇ ನಂಬರಿನ ಕೀಲಿ ಎತ್ತಿಕೊಂಡು ಸಂಗನಬಸವನ ಮುಖ ನೋಡಿದ. ಹೇಳುವುದೋ, ಬಿಡುವುದೋ? ಮುಚ್ಚಿಟ್ಟರೆ ನಾಳೆ ಇನ್ಯಾರೋ ಅದನ್ನು ದೆವ್ವ ಮಾಡಿ ಹೇಳುತ್ತಾರೆ.

"ಅಕ್ಕಾರ, ಒಂದ ಮಾತು" ಎಂದ ಸಂಗನಬಸವ. "ಹೋದ ತಿಂಗಳಾ ನಮ್ಮ ಅವ್ವ ಇದ ಖೋಲ್ಯಾಗ ತೀರಿಕೊಂಡ್ಲು."

ಹೆಂಗಸು ಕೂಸನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದಳು. "ಹೌದಾ? ಏಸ ವಯಸ್ಸಾಗಿತ್ರಿ?"

"ಎಪ್ಪತ್ತಾರು."

"ಭಾಳ ನರಳಿದ್ರೇನು?"

"ಇಲ್ರಿ. ಮದವಿಗೆ ಬಂದಿದ್ಲು. ನಕ್ಕೋತ ಮಲಗಿದ್ಲಂತ."

"ಪುಣ್ಯವಂತಿ" ಎಂದು ಅವಳು ಕೈ ಚಾಚಿದಳು. "ಕೀಲಿ ಕೊಡ್ರಿ. ಈಕಿನ್ನ ಹೊತ್ತ ಸಾಕಾತು, ಭಾಳ ವಜ್ಜಾಗ್ಯಾಳ."