ಅಂಟಿನ ಬಟ್ಟಲು

"ನೆಕ್ಕು," ಎಂದರು ನಾರಾಯಣಸ್ವಾಮಿ.

ಚಮಚದ ತುದಿಯಲ್ಲಿ ಕಂದು ಬಣ್ಣದ ಅಂಟು ಜೋತುಬಿದ್ದಿತ್ತು. ಚಮಚ ನನ್ನದೇ. ನನ್ನ ತಟ್ಟೆಯ ಜೊತೆ ಸಿಂಕಿನ ಕೆಳಗೆ ಇರುವಂಥದು. ಅಂಟಿನ ಬಾಟಲಿಗೆ ಲೇಬಲ್ ಇರಲಿಲ್ಲ. ಕರೋಲ್ ಬಾಗ್ ಪೇಟೆಯ ಯಾವುದೋ ಸಂದಿಯಿಂದ ತಂದಿದ್ದರು.

"ಇದ ಎದರ ಅಂಟ್ರೀ ಸಾಹೇಬ್ರ?"

"ಅದು ಗೊತ್ತಾಗ್ಲಿ ಅಂತಾನೇ ನಿನಗೆ ಕೊಡ್ತಿರೋದು. ನಾಳೆ ಬೆಳಗ್ಗೆ ಹೊಟ್ಟೆ ಹೇಗಿದೆ ಹೇಳು. ನಿಮ್ಮಂಥವರಿಗೆ ಏನೂ ಆಗಲ್ಲ ಬಿಡು, ಕಲ್ಲು ತಿಂದ್ರೂ ಕರಗುತ್ತೆ."

ಏನೂ ಆಗದ ಹೊಟ್ಟೆಯ ಮೇಲೆ ಪರೀಕ್ಷೆ ಮಾಡಿ ಏನು ತಿಳಿಯುತ್ತದೆ ಎಂದು ಕೇಳುವಷ್ಟು ಓದು ನನಗಿಲ್ಲ. ಅವರಿಗಿತ್ತು. ಅವರೂ ಕೇಳಿಕೊಳ್ಳಲಿಲ್ಲ.

ನೆಕ್ಕಿದೆ.

ನಾನು ಲೀಲಾ, ನಿಪ್ಪಾಣಿಯವಳು. ಗಂಡ ಸತ್ತ ಮೇಲೆ ಇವರ ಮನೆಗೆಲಸಕ್ಕೆಂದು ದೆಹಲಿಗೆ ಬಂದು ಹನ್ನೊಂದು ವರ್ಷವಾಯಿತು. ಸರೋಜಿನಿ ನಗರದ ಹತ್ತಿರ ಇವರ ಸರ್ಕಾರಿ ಫ್ಲ್ಯಾಟು. ಅದರ ಹಿಂದೆ ಆಳುಗಳಿಗೆಂದು ಕಟ್ಟಿದ ಒಂದು ಕೋಣೆ. ನಾನು ಮತ್ತು ನನ್ನ ಮಗಳು ಮಾನ್ಯಾ ಅಲ್ಲಿದ್ದೇವೆ. ಅವಳು ಹನ್ನೆರಡನೆಯ ಕ್ಲಾಸಿನ ಬೋರ್ಡ್ ಪರೀಕ್ಷೆ ಬರೆಯುತ್ತಿದ್ದಾಳೆ. ಆ ಪರೀಕ್ಷೆ ಮುಗಿಯುವವರೆಗೆ ಆ ಕೋಣೆ, ಅಲ್ಲಿನ ಒಂದು ಬಲ್ಬು ನನಗೆ ಬೇಕೇ ಬೇಕಿತ್ತು. ಅದಕ್ಕಾಗಿ ಅಂಟೇನು, ಬೇರೆ ಏನನ್ನಾದರೂ ನೆಕ್ಕುತ್ತಿದ್ದೆ.

ತಮ್ಮ ಮೇಲಿನ ದೊಡ್ಡ ಸಾಹೇಬರು ಸಿಗಾರ್ ಸೇದುತ್ತಾರೆಂದು ಗೊತ್ತಾದ ದಿನವೇ ನಾರಾಯಣಸ್ವಾಮಿಗೂ ಸಿಗಾರಿನ ಹುಚ್ಚು ಹತ್ತಿತು. ಅಂಗಡಿಯದಲ್ಲ, ಮನೆಯಲ್ಲೇ ಕೈಯಿಂದ ಸುತ್ತಿದ್ದು ಬೇಕು. ಮೊಬೈಲಿನಲ್ಲಿ ಅದೇ ವಿಡಿಯೋ ನೋಡುತ್ತಿದ್ದರು. ನಾನು ತಂಬಾಕಿನ ಊರಾದ ನಿಪ್ಪಾಣಿಯವಳೆಂದು ಆಗ ಅವರಿಗೆ ನೆನಪಾಯಿತು. ನಮ್ಮಜ್ಜಿ ಚುಟ್ಟಾ ಸುತ್ತಿದವಳು. ನಮ್ಮವ್ವ ತಂಬಾಕಿನ ವಖಾರಿಯಲ್ಲಿ ದುಡಿದು, ಆ ಗೋದಾಮಿನ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತವಳು. ಆ ವಾಸನೆ ಬಿಟ್ಟು ಓಡಿ ದೆಹಲಿಗೆ ಬಂದರೆ, ಅದು ಕೊರಿಯರಿನಲ್ಲಿ ಪೊಟ್ಟಣ ಕಟ್ಟಿಸಿಕೊಂಡು ನನ್ನ ಹಿಂದೆಯೇ ಬಂತು. ಎಲೆ ಬಿಡಿಸುವವಳು ನಾನು, ಸುತ್ತುವವಳು ನಾನು. "ನಾನೇ ಸುತ್ತಿದ್ದು" ಎಂದು ಫೋಟೋ ಹಾಕುವವರು ಅವರು.

ಒಂದೇ ತೊಡಕು, ಕೊನೆಯ ಎಲೆಯ ತುದಿಯನ್ನು ಅಂಟಿಸಬೇಕು. ಆ ತುದಿಯೇ ಬಾಯಿಗೆ ಹೋಗುವುದು. ಹಾಗಾಗಿ ಅಂಟು ಶುದ್ಧವಾಗಿರಬೇಕು. ಮೊದಲು ಮೈದಾ ಕಾಯಿಸಿದ್ದಾಯಿತು, ಬೂಸ್ಟು ಹಿಡಿಯಿತು. ಅನ್ನದ ಗಂಜಿ ಇಲ್ಲಿನ ಒಣಗಾಳಿಗೆ ಬಿಟ್ಟುಕೊಂಡಿತು. ಮೊಟ್ಟೆಯ ಬಿಳಿ ಒಳ್ಳೆಯದಂತೆ ಎಂದಾಗ ಹೆಂಡತಿ ದೇವಕಿ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತರು. "ಮೊಟ್ಟೆ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ." ತಂಬಾಕಿಗೆ ಮಡಿ ಅಡ್ಡಬರಲಿಲ್ಲ, ಮೊಟ್ಟೆಗೆ ಬಂತು. ಆಮೇಲೆ ಸೇಬಿನಿಂದ ತೆಗೆದ ಪುಡಿಯೊಂದು ಬಂತು, ಅದಕ್ಕೆ ಇರುವೆ ಮುತ್ತಿದವು. ಪ್ರತಿಯೊಂದನ್ನೂ ಮೊದಲು ನಾನು ತಿನ್ನಬೇಕು, ಒಂದು ದಿನ ಬದುಕಿರಬೇಕು.

ಕರೋಲ್ ಬಾಗಿನ ಅಂಟಿಗೆ ಎರಡು ದಿನ ವಾಂತಿ ಮಾಡಿಕೊಂಡೆ. ಪುಸ್ತಕ ಮಡಚಿಟ್ಟು ಮಾನ್ಯಾ ನನ್ನ ಬೆನ್ನು ನೀವಿದಳು.

"ಅಮ್ಮಾ, ಛೋಡೋ ನಾ ಈ ಕೆಲ್ಸ. ಆ ಅಂಕಲ್ ಪಾಗಲ್ ಇದಾರೆ."

"ಹುಚ್ಚ ಅಲ್ಲವ್ವ, ಭಾಡ್ಯಾ ಅದಾನ. ನೀ ಓದ. ಪರೀಕ್ಷಾ ಮುಗೀಲಿ."

ಮೂರನೆಯ ದಿನ ಒಳಗೆ ಹೋದಾಗ ಅವರು ಹೆಂಡತಿಗೆ ಹೇಳುತ್ತಿದ್ದರು: "ಸದ್ಯ, ನಾನು ಬಾಯಿಗೆ ಇಟ್ಕೊಂಡಿರಲಿಲ್ಲ."

ಆಮೇಲೆ ಜಾಲಿಮರದ ಅಂಟು ತಂದು, ನೀರಿನಲ್ಲಿ ಕರಗಿಸಿ, ಒಂದು ಬಟ್ಟಲಿನಲ್ಲಿಟ್ಟು ಹೋದರು. "ಇದು ಸೇಫ್. ಇದನ್ನೇ ಹಚ್ಚು." ಆ ದಿನವೂ ನೆಕ್ಕಿಸಿದರು. ನಾನು ಬಟ್ಟಲನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಅದನ್ನು ಮತ್ತೆ ಮುಟ್ಟಲಿಲ್ಲ. ನಮ್ಮಜ್ಜಿ ಚುಟ್ಟಾದ ತುದಿಗೆ ಹೇಗೆ ಅಂಟಿಸುತ್ತಿದ್ದಳೋ ಹಾಗೆಯೇ ಅಂಟಿಸಿದೆ. ನಾಲಿಗೆಯಿಂದ ಒಮ್ಮೆ ಸವರಿ, ಹೆಬ್ಬೆರಳಿನಿಂದ ಒತ್ತಿದರೆ ಮುಗಿಯಿತು. ಎಲೆ ಬಿರಿಯಲಿಲ್ಲ, ಬೂಸ್ಟು ಹಿಡಿಯಲಿಲ್ಲ, ಇರುವೆ ಬರಲಿಲ್ಲ.

"ನೋಡಿದ್ಯಾ ದೇವಕಿ, ರುಚೀನೇ ಇಲ್ಲ ಈ ಅಂಟಿಗೆ," ಎಂದು ನಾರಾಯಣಸ್ವಾಮಿ ಹೊಗೆ ಬಿಟ್ಟರು. ನಾನು ನೀರು ಕುಡಿಯುವ ಲೋಟ ಬಚ್ಚಲಿನ ಕಿಟಕಿಯಲ್ಲಿ ಬೇರೆ ಇರುತ್ತದೆ. ಹನ್ನೊಂದು ವರ್ಷದಲ್ಲಿ ಈ ಮನೆಯವರ ಬೆರಳು ಅದಕ್ಕೆ ತಾಗಿಲ್ಲ. ನನಗೆ ನಗು ಬಂತು. ಪಾತ್ರೆ ತಿಕ್ಕುವ ಸದ್ದಿನಲ್ಲಿ ನಕ್ಕೆ.

ಮೂರು ವಾರ ಕಳೆದು, ಒಂದು ಭಾನುವಾರ ದೊಡ್ಡ ಸಾಹೇಬರು ಊಟಕ್ಕೆ ಬಂದರು. ಬಿಸಿಬೇಳೆಬಾತ್ ಆಯಿತು, ಪಾಯಸ ಆಯಿತು, ಸಿಗಾರ್ ಬಂತು. ದೊಡ್ಡ ಸಾಹೇಬರು ಕಣ್ಣು ಮುಚ್ಚಿ ಸೇದಿದರು. ಅಂಗಡಿಯದಕ್ಕಿಂತ ಚೆನ್ನಾಗಿದೆ, ಅಂಟು ಯಾವುದು ಎಂದು ಹಿಂದಿಯಲ್ಲಿ ಕೇಳಿದರು.

ನಾರಾಯಣಸ್ವಾಮಿ ಉಬ್ಬಿಹೋದರು. "ಲೀಲಾ, ಆ ಅಂಟಿನ ಬಟ್ಟಲು ತಗೊಂಡ್ಬಾ."

ಕಿಟಕಿಯಲ್ಲಿದ್ದ ಬಟ್ಟಲಲ್ಲಿ ಅಂಟು ಒಣಗಿ ಕಲ್ಲಾಗಿತ್ತು, ಮೇಲೆ ಒಂದು ನೊಣ ಸತ್ತು ಕೂತಿತ್ತು. ಬೇರೆ ಬಟ್ಟಲಿಗೆ ಬಿಸಿನೀರು ಸುರಿದು ಹೊಸ ಅಂಟು ಕದಡಿದರೆ ಎರಡು ನಿಮಿಷದ ಕೆಲಸ. ಕೋಣೆ ಉಳಿಯುತ್ತಿತ್ತು. ಮಾನ್ಯಾಳಿಗೆ ಇನ್ನೂ ಎರಡು ಪೇಪರು ಬಾಕಿ ಇದ್ದವು. ನೀರು ಕಾಯಲು ಇಟ್ಟೆ.

ಅಷ್ಟರಲ್ಲಿ ನಡುಮನೆಯಿಂದ ನಾರಾಯಣಸ್ವಾಮಿಯ ಹಿಂದಿ ಕೇಳಿಸಿತು. ಎಲ್ಲಾ ಅಂಟುಗಳನ್ನೂ ಮೊದಲು ಈ ಹೆಂಗಸಿಗೇ ತಿನ್ನಿಸಿದೆ ಸರ್, ಒಂದು ಸಲ ಎರಡು ದಿನ ಕಕ್ಕಿದಳು, ಆದರೂ ಕೊಟ್ಟರೆ ಮತ್ತೆ ನೆಕ್ಕುತ್ತಾಳೆ, ಇವರ ಜಾತಿಯೇ ಹಾಗೆ. ದೊಡ್ಡ ಸಾಹೇಬರು ಹೊಟ್ಟೆ ಕುಣಿಸಿ ನಕ್ಕರು. ದೇವಕಿಯೂ ನಕ್ಕರು.

ಒಲೆ ಆರಿಸಿದೆ. ಒಣಗಿದ ಬಟ್ಟಲನ್ನೇ ಒಯ್ದು ಟೀಪಾಯಿಯ ಮೇಲೆ ಬೋರಲು ಹಾಕಿದೆ. ಏನೂ ಬೀಳಲಿಲ್ಲ.

"ಇದ ಒಣಗಿ ಮೂರ ವಾರ ಆತ್ರಿ ಸಾಹೇಬ್ರ. ಇದನ್ನ ಹಚ್ಚೇ ಇಲ್ಲ."

"ಏನು ಬೊಗಳ್ತಿದ್ದೀಯ?" ನಾರಾಯಣಸ್ವಾಮಿಯ ತುಟಿಯ ಮೇಲಿನ ನಗು ಹಾಗೆಯೇ ಇತ್ತು, ಅತಿಥಿಗೆ ಕನ್ನಡ ಬಾರದಲ್ಲ.

ಟೀಪಾಯಿಯ ಮೇಲಿದ್ದ ತಂಬಾಕಿನ ಪೆಟ್ಟಿಗೆಯಿಂದ ಒಂದು ಎಲೆ ತೆಗೆದೆ. ನಾಲಿಗೆ ಚಾಚಿ, ಅವರ ಕಣ್ಣೆದುರೇ, ಅಂಚಿನುದ್ದಕ್ಕೂ ನಿಧಾನವಾಗಿ ಸವರಿ ಸುತ್ತಿ ಒತ್ತಿದೆ.

"ಕ್ಯಾ ಬೋಲ್ ರಹೀ ಹೈ?" ಎಂದರು ದೊಡ್ಡ ಸಾಹೇಬರು. ಸಿಗಾರ್ ಅವರ ಬಾಯಲ್ಲೇ ಇತ್ತು.

"ಕುಛ್ ನಹೀ ಸರ್. ಅವರ ಊರಿನ ಪದ್ಧತಿ ತೋರಿಸ್ತಿದಾಳೆ," ಎಂದು ನಾರಾಯಣಸ್ವಾಮಿ ಗಾಬರಿಯಲ್ಲಿ ಅರ್ಧ ಹಿಂದಿ ಅರ್ಧ ಕನ್ನಡ ಮಾಡಿದರು.

ಹನ್ನೊಂದು ವರ್ಷ ಸರೋಜಿನಿ ನಗರದ ತರಕಾರಿ ಭಯ್ಯಾಗಳ ಜೊತೆ ಚೌಕಾಸಿ ಮಾಡಿದವಳು ನಾನು. "ಥೂಕ್ ಹೈ, ಸಾಬ್," ಎಂದೆ. "ಮೇರಾ ಥೂಕ್. ಆಪ್ ಕೇ ಮೂಹ್ ಮೇ ಭೀ ವಹೀ ಹೈ."

ನನ್ನ ಎಂಜಲನ್ನು ಬಾಯಲ್ಲಿಟ್ಟುಕೊಂಡ ದೊಡ್ಡ ಸಾಹೇಬರಿಗೆ ಉಗಿಯಲೂ ಆಗಲಿಲ್ಲ, ಸೇದಲೂ ಆಗಲಿಲ್ಲ. ದೇವಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದರು, ಸಿಗಾರ್ ಮುಟ್ಟದ ಅವರೇಕೆ ಓಡಿದರೋ ನನಗೆ ತಿಳಿಯಲಿಲ್ಲ.

"ಸೂಳೇಮುಂಡೆ," ಎಂದರು ನಾರಾಯಣಸ್ವಾಮಿ. "ಈಗಿಂದೀಗ್ಲೇ ಕೋಣೆ ಖಾಲಿ ಮಾಡು."

"ಮಾಡ್ತೀನ್ರಿ. ನೀವ ನೆಕ್ಕ ಅಂದ್ರಿ, ನೆಕ್ಕೀನಿ. ಸಾಬರಿಗೆ ಇನ್ನೊಂದ ಸುತ್ತಿಕೊಟ್ಟ ಹೋಗ್ಲೇನು?"

ಸುತ್ತಿದ್ದನ್ನು ನಾರಾಯಣಸ್ವಾಮಿಯ ತಟ್ಟೆಯಲ್ಲಿಟ್ಟು ಹಿಂದಿನ ಬಾಗಿಲಿಗೆ ಬಂದೆ. ಎಲ್ಲವನ್ನೂ ಕೇಳಿಸಿಕೊಂಡ ಮಾನ್ಯಾ ಆಗಲೇ ಟ್ರಂಕು ಎಳೆದಿದ್ದಳು.

"ಪುಸ್ತಕ ಮ್ಯಾಲ ಇಡವ್ವ," ಎಂದೆ. "ಎಲ್ಲಿ ಕುಂತರೂ ಕೈಗೆ ಸಿಗಬೇಕು. ಗುರುವಾರ ಲೆಕ್ಕದ ಪೇಪರ್ ಐತಿ."