ಬುಟ್ಟಿಯಿಂದ ಎದ್ದ ಹಾಳೆ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ರಬ್ಬರಮ್ಮ ಅನ್ನುತ್ತಿದ್ದರು. ಬಿಸಿಲನ್ನು ಕರೆಂಟು ಮಾಡುವ ಪಾಲಿಮರ್ ಶಾಯಿಯನ್ನು ತೆಳು ಪ್ಲಾಸ್ಟಿಕ್ ಹಾಳೆಗೆ ಬಳಿಯುವುದು ಅಲ್ಲಿಯವರ ಕೆಲಸ. ಹಾಳೆ ಬಗ್ಗಿಸಿದರೆ ಸಾಕು, ಬಳಿದದ್ದು ಬಿರುಕು ಬಿಟ್ಟು ಕೈಕೊಡುತ್ತಿತ್ತು. ಇವಳು ಆ ಶಾಯಿಗೆ ರಬ್ಬರಿನಂತೆ ಹಿಗ್ಗುವ ಇನ್ನೊಂದು ಪಾಲಿಮರ್ ಬೆರೆಸಿದಳು. ಕರೆಂಟು ಕೊಡದ ಆ ದಂಡಪಿಂಡ ಯಾಕೆ ಎಂದು ಗೇಲಿ ಮಾಡದವರಿಲ್ಲ. ಅವಳ ಅಮ್ಮ ಮಾತ್ರ, "ಬಗ್ಗೋ ವಸ್ತು ಮಾಡ್ತಾಳಂತೆ, ತಾನು ಹುಟ್ಟಿದಾಗಿಂದ ಯಾರಿಗೂ ಬಗ್ಗಿಲ್ಲ," ಎಂದು ನೆರೆಮನೆಯವರ ಮುಂದೆ ಹೆಮ್ಮೆಯಿಂದಲೇ ದೂರುತ್ತಿದ್ದರು.

ಅವತ್ತು ಅವಳ ಹಾಳೆಯ ಪರೀಕ್ಷೆ, ಬಗ್ಗಿಸಿದ ಮೇಲೂ ಅದು ಕರೆಂಟು ಕೊಡುತ್ತದೆಯೇ ಎಂದು. ಗೆದ್ದರೆ ಮುಂದಿನ ಕೆಲಸವೆಲ್ಲ ಅವಳ ಬೆರಕೆಯಲ್ಲೇ. ಸೋತರೆ ಅದರ ಸುದ್ದಿ ಮತ್ತೆ ಎತ್ತುವಂತಿಲ್ಲ ಎಂದು ಹಿರಿಯ ವಿಜ್ಞಾನಿ ಕಡ್ಡಿ ಮುರಿದಂತೆ ಹೇಳಿದ್ದರು.

ಈ ಹಿರಿಯರಿಗೆ ಒಂದು ಚಾಳಿ. ಕೆಟ್ಟ ಹಾಳೆ ಕಂಡರೆ ಮುಷ್ಟಿಯಲ್ಲಿ ಉಂಡೆ ಮಾಡಿ ಬುಟ್ಟಿಗೆ ಎಸೆಯದೆ ಅವರಿಗೆ ಸಮಾಧಾನವಿಲ್ಲ. ಅವಳು ವೈರು ತರಲು ಹೋಗಿ ಬರುವಷ್ಟರಲ್ಲಿ ಮೇಜು ಖಾಲಿಯಾಗಿತ್ತು.

"ಸರ್, ಇಲ್ಲೊಂದು ಹಾಳೆ ಇತ್ತು."

"ನಿನ್ನೆಯ ಕಸ ತಾನೇ? ಬುಟ್ಟಿಗೆ ಹಾಕ್ದೆ," ಎಂದ ಹಿರಿಯರು ಅವಳ ಮುಖ ನೋಡಿ ತಾವೂ ಬಿಳಿಚಿಕೊಂಡರು. "ಅಯ್ಯೋ, ಅದು ನಿಂದಾ? ತಪ್ಪಾಯ್ತಮ್ಮ. ಇನ್ನೊಂದು ಮಾಡು, ಮುಂದಿನ ವಾರ ನೋಡೋಣ."

ಅವಳಿಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು. ಮುದುಡಿದರೆ ಸಾಯುವುದಾದರೆ ಇದನ್ನು ಮಾಡಿದ್ದಾದರೂ ಯಾಕೆ?

"ಬೇಡ ಸರ್. ಇದೇ ಸಾಕು," ಎಂದು ಬುಟ್ಟಿಗೆ ಕೈ ಹಾಕಿದಳು. ಉಂಡೆ ಬಿಡಿಸಿ, ಅಂಗೈಯಲ್ಲಿ ಸವರಿ, ಕಿಟಕಿಯ ಬಿಸಿಲಿಗಿಟ್ಟು ವೈರು ಸಿಕ್ಕಿಸಿದಳು.

ವೈರಿನ ಇನ್ನೊಂದು ತುದಿಯ ಪುಟ್ಟ ಫ್ಯಾನು ಮಿಸುಕಲಿಲ್ಲ. ಗೇಲಿ ಮಾಡುತ್ತಿದ್ದವರೆಲ್ಲ ಕತ್ತು ಚಾಚಿದರು. ವೈರನ್ನು ಕೊಂಚ ಒತ್ತಿ ಕೂರಿಸಿದಳು. ಫ್ಯಾನು ತಿರುಗತೊಡಗಿತು. ಪಕ್ಕದ ಮೀಟರಿನ ಮುಳ್ಳು, ನಿನ್ನೆ ನೆಟ್ಟಗಿದ್ದ ಹಾಳೆಯನ್ನು ಅಳೆದಾಗ ಎಲ್ಲಿತ್ತೋ ಅಲ್ಲಿಗೇ ಬಂದು ನಿಂತಿತು.

ಹಾಳೆಯ ತುಂಬ ಹಿರಿಯರ ಮುಷ್ಟಿ ಮೂಡಿಸಿದ ಮಡಿಕೆಗಳು ಎದ್ದು ಕಾಣುತ್ತಿದ್ದವು. ಅವಳಿಗೋ ಎದೆ ಉಬ್ಬಿ ಬಂದಿತ್ತು, ಅದನ್ನು ಮುಚ್ಚಿಡುವ ಮನಸ್ಸೂ ಇರಲಿಲ್ಲ. ವೈರು ಕಳಚಿ ಹಾಳೆಯನ್ನು ಅವರತ್ತ ಚಾಚಿದಳು.

"ತಗೊಳ್ಳಿ ಸರ್. ಈ ಸಲ ಪರೀಕ್ಷೆ ಅಂತ ತಿಳ್ಕೊಂಡೇ ಮುದುರಿ."

ಅವರು ಎರಡೂ ಕೈ ಸೇರಿಸಿ, ಇದ್ದ ಶಕ್ತಿಯೆಲ್ಲ ಹಾಕಿ ಅದನ್ನು ಮುದುರಿದರು. ಅಭ್ಯಾಸಬಲದಿಂದ ಬುಟ್ಟಿಯತ್ತ ಹೊರಟ ಕೈಯನ್ನು ಅರ್ಧಕ್ಕೇ ತಡೆದು, ಉಂಡೆಯನ್ನು ಅವಳ ಅಂಗೈಯಲ್ಲಿಟ್ಟರು.

"ಫ್ಯಾನು ತಿರುಗುತ್ತೆ, ನಂಗೊತ್ತು," ಎಂದರು. "ಆದ್ರೂ ವೈರು ಸಿಕ್ಕಿಸು ರಬ್ಬರಮ್ಮ. ಇನ್ನೊಂದ್ಸಲ ನೋಡ್ಬೇಕು ಅನ್ನಿಸ್ತಿದೆ."